ಮೂರು ಫೋಟೋ, ಒಂದೇ ಕೃತಿ: ಕಾರವಾರದ ಫ್ರೇಮ್ ಅಂಗಡಿಯೊಂದರ ಕೆಲಸ

ಗೋಡೆಯ ಮೇಲೆ ಅಕ್ಕಪಕ್ಕ ತೂಗುಹಾಕುವ ಮೂರು ಫೋಟೋಗಳ ಸೆಟ್ ಮಾಡಿಕೊಡುವುದರಲ್ಲಿ ಕಾರವಾರ ಪೇಟೆಯ ಈ ಪುಟ್ಟ ಅಂಗಡಿಯವರ ಕೆಲಸ ಅಚ್ಚುಕಟ್ಟು. ಮೂರೂ ಪ್ರಿಂಟನ್ನು ಒಂದೇ ಕಾಗದದ ರೋಲ್‌ನಲ್ಲಿ ಒಟ್ಟಿಗೆ ತೆಗೆಯುತ್ತಾರೆ. ಬೇರೆ ಬೇರೆ ದಿನ ತೆಗೆದರೆ ಕಡಲಿನ ನೀಲಿ ಒಂದೊಂದರಲ್ಲಿ ಒಂದೊಂದು ಥರ ಬರುತ್ತದೆ, ಸೆಟ್ ಅಲ್ಲಿಗೇ ಕೆಟ್ಟಿತು.

ಕಾಳಿ ನದಿ ಕಡಲು ಸೇರುವಂಥ ಒಂದೇ ಉದ್ದನೆಯ ದೃಶ್ಯವನ್ನು ಮೂರಾಗಿ ಕತ್ತರಿಸುವಾಗ ಮಾತ್ರ ಎದುರು ನಿಂತು ಲೆಕ್ಕ ಹೇಳಬೇಕು. ಫ್ರೇಮ್ ಪಟ್ಟಿ 1 ಇಂಚು, ಗೋಡೆಯ ಮೇಲಿನ ಸಂದು 1 ಇಂಚು ಎಂದಾದರೆ ಎರಡು ಪಟ್ಟಿ, ಒಂದು ಸಂದು ಸೇರಿ ಕಾಣುವ ಚಿತ್ರಗಳ ನಡುವೆ 3 ಇಂಚು ಹೋಗುತ್ತದೆ. ಅಷ್ಟನ್ನು ಮರೆಯಾದ ಭಾಗವೆಂದೇ ಹಿಡಿದು ಕತ್ತರಿಸಬೇಕು. ಸುಮ್ಮನೆ ಸರಿಸಮ ಮೂರು ತುಂಡು ಮಾಡಿದರೆ ಓರೆಯಾಗಿ ಸಾಗುವ ದಂಡೆಯ ಗೆರೆ ಸಂದಿನಲ್ಲಿ ಮುರಿದಂತೆ ಕಾಣುತ್ತದೆ. ದೋಣಿ, ಮುಖ ಆ ಜಾಗಕ್ಕೆ ಬೀಳದಿರಲಿ.

ಬಿಡಿ ಚಿತ್ರಗಳಾದರೆ ಮೂರರಲ್ಲೂ ದಿಗಂತ ಒಂದೇ ಎತ್ತರಕ್ಕಿರಲಿ.

ಹಿಂಬದಿಗೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೇಡ, ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಲಗೆ) ಕೇಳಿ. ನಮ್ಮ ಮಳೆಗಾಲದ ತೇವಕ್ಕೆ ಎಂಡಿಎಫ್ ಉಬ್ಬುತ್ತದೆ. ಗಾಜಿಗೂ ಪ್ರಿಂಟಿಗೂ ನಡುವೆ ತೆಳು ಸ್ಪೇಸರ್ (ಅಂತರ ಉಳಿಸುವ ಪಟ್ಟಿ) ಬೇಕೇ ಬೇಕು, ಇಲ್ಲದಿದ್ದರೆ ಅಂಟಿಕೊಂಡು, ಬಿಡಿಸುವಾಗ ಬಣ್ಣವೇ ಕಿತ್ತು ಬರುತ್ತದೆ.

ಕೊರತೆ ಒಂದೇ: ಕೊಕ್ಕೆಗಳನ್ನು ಕಣ್ಣಂದಾಜಿಗೆ ಹೊಡೆಯುತ್ತಾರೆ. ಮೇಲಂಚಿನಿಂದ ಮೂರಕ್ಕೂ ಒಂದೇ ಅಳತೆಗೆ ಹಾಕಿಸಿಕೊಂಡೇ ಹಣ ಕೊಡಿ.