ಸಮತೋಲನ ಬಿಂದು ಹುಡುಕಲು ಯಾವ ವಿಧಾನ?

ಇಬ್ಬರು ಆಟಗಾರರು ಒಂದೊಂದು ಸಂಖ್ಯೆ ಆರಿಸುತ್ತಾರೆ. ಅವುಗಳ ಗುಣಲಬ್ಧವನ್ನು ಒಬ್ಬರು ಇಳಿಸಬೇಕು, ಇನ್ನೊಬ್ಬರು ಏರಿಸಬೇಕು. ಎರಡೂ ಸೊನ್ನೆಯಾದಾಗ ಸಮತೋಲನ. ಇಷ್ಟು ಸರಳ ಸಮಸ್ಯೆಯಲ್ಲೂ ಸಾದಾ ಗ್ರೇಡಿಯಂಟ್ ವಿಧಾನ (ಇಬ್ಬರೂ ಒಟ್ಟಿಗೆ ತಮಗೆ ಲಾಭವಾಗುವ ದಿಕ್ಕಿಗೆ ಒಂದೊಂದು ಹೆಜ್ಜೆಯಿಡುವುದು) ಸೋಲುತ್ತದೆ: ಹೆಜ್ಜೆಯ ಅಳತೆ 0.5 ಇದ್ದರೆ ಸಮತೋಲನದಿಂದ ದೂರ ಪ್ರತಿ ಸುತ್ತಿಗೂ ಸುಮಾರು 1.118 ಪಟ್ಟಾಗುತ್ತದೆ. ಹೆಜ್ಜೆಯನ್ನು ಎಷ್ಟೇ ಕಿರಿದಾಗಿಸಿದರೂ ಅದು ದೂರವೇ ಸರಿಯುತ್ತದೆ. ಪ್ರಬಲ ಮಾನೊಟೋನ್ ಗುಣವಿಲ್ಲದ, ಅಂದರೆ ದೂರ ಹೋದಷ್ಟೂ ಸಮತೋಲನದತ್ತ ಎಳೆತ ಬಲವಾಗದ ಸಮಸ್ಯೆಗೆ ದಯವಿಟ್ಟು ಅದನ್ನು ನೆಚ್ಚಬೇಡಿ.

ಕೊರ್ಪೆಲೆವಿಚ್ 1976ರಲ್ಲಿ ಪ್ರಕಟಿಸಿದ ಎಕ್ಸ್‌ಟ್ರಾಗ್ರೇಡಿಯಂಟ್ ವಿಧಾನ ಮೊದಲು ಪ್ರಾಯೋಗಿಕ ಹೆಜ್ಜೆಯಿಟ್ಟು, ಅಲ್ಲಿ ಕಂಡ ದಿಕ್ಕನ್ನು ಹಿಡಿದು ಹಳೆಯ ಬಿಂದುವಿನಿಂದಲೇ ಹೊರಡುತ್ತದೆ. ಅದೇ ಆಟ, ಅದೇ ಹೆಜ್ಜೆ. ದೂರ ಈಗ ಸುಮಾರು 0.901 ಪಟ್ಟಿಗೆ ಇಳಿಯುತ್ತದೆ. ಎಂಥ ಸೊಗಸಾದ ತಿದ್ದುಪಡಿ! ಆದರೆ ಪ್ರತಿ ಸುತ್ತಿಗೆ ಎರಡು ಬಾರಿ ಫಲನದ (ದಿಕ್ಕು ಕೊಡುವ ಸೂತ್ರದ) ಲೆಕ್ಕ, ಸಮಸ್ಯೆಗೆ ನಿರ್ಬಂಧಗಳಿದ್ದರೆ ಎರಡು ಬಾರಿ ಪ್ರಕ್ಷೇಪ, ಅಂದರೆ ಬಿಂದುವನ್ನು ನಿರ್ಬಂಧಗಳೊಳಗಿನ ಅತಿ ಹತ್ತಿರದ ಬಿಂದುವಿಗೆ ತರುವುದು.

ಆಯ್ಕೆ ನಿಲ್ಲುವುದು ಇಲ್ಲೇ: ನಿಮಗೆ ಯಾವುದು ದುಬಾರಿ? ಫಲನದ ಲೆಕ್ಕ ಭಾರವಾಗಿದ್ದರೆ ಪೊಪೊವ್ ವಿಧಾನ (1980) ಹಿಂದಿನ ಸುತ್ತಿನ ಮೌಲ್ಯವನ್ನೇ ಮತ್ತೆ ಬಳಸಿ ಒಂದು ಲೆಕ್ಕ ಉಳಿಸುತ್ತದೆ. ಹೆಜ್ಜೆ ಮಾತ್ರ ಕಿರಿದಾಗಿರಬೇಕು. ಪ್ರಕ್ಷೇಪ ಕಷ್ಟವಾಗಿದ್ದರೆ, ಅಂದರೆ ನಿರ್ಬಂಧಗಳ ಗಣ ಜಟಿಲವಾಗಿದ್ದರೆ, ತ್ಸೆಂಗ್ ವಿಧಾನಕ್ಕೆ (2000) ಒಂದೇ ಪ್ರಕ್ಷೇಪ ಸಾಕು. ನನ್ನ ಒಲವು ಇದರತ್ತಲೇ. ಒಂದು ಎಚ್ಚರಿಕೆ: ಅದರ ಬಿಂದುಗಳು ಗಣದ ಹೊರಗೂ ಹೋಗಬಹುದು. ನಿಮ್ಮ ಫಲನದಲ್ಲಿ ಲಾಗರಿದಮ್ ಇದ್ದು, ಗಣದ ಹೊರಗೆ ಅದಕ್ಕೆ ಅರ್ಥವೇ ಇಲ್ಲದಿದ್ದರೆ ಕೊರ್ಪೆಲೆವಿಚ್ ವಿಧಾನವನ್ನೇ ಬಳಸಿ.