‘ಎಲ್ಲ ಒಂದೇ ಗಾಡಿಯದ್ದು’ ಅಂದರೆ ನಂಬಬೇಡಿ: 750 ಅಂತ ಹೇಳಿ 600 ಕೊಟ್ಟರು

ನನಗೆ 750 ಸಿಸಿ ಅಂತ ಹೇಳಿ 600 ಸಿಸಿ ಬೈಕ್ ಎಂಜಿನ್ ಮಾರಿದ ಮನುಷ್ಯ ನಿನ್ನೆ ರಾತ್ರಿ ಮತ್ತೆ ಜಾಹೀರಾತು ಹಾಕಿದ್ದನ್ನು ನೋಡಿದೆ. ಅದೇ ಮರದ ಪೆಟ್ಟಿಗೆ, ಅದೇ ಗೋಡೆ, ಕೆಳಗೆ ಹಾಸಿದ ಅದೇ ನೀಲಿ ಬಟ್ಟೆ. ಮೇಲೆ ಕೂರಿಸಿದ ಎಂಜಿನ್ ಮಾತ್ರ ಬೇರೆ. ‘ಬಿಎಂಡಬ್ಲ್ಯು ಆರ್ 90/6. ಎಂಜಿನ್, ಗೇರ್‌ಬಾಕ್ಸ್, ಫೈನಲ್ ಡ್ರೈವ್, ಎಲ್ಲ ಒಂದೇ ಗಾಡಿಯದ್ದು.’ ಓದಿ ಮೈ ಉರಿದುಹೋಯಿತು. ನನಗೂ ಇದೇ ಮಾತು ಹೇಳಿದ್ದು. ಒಂದಕ್ಷರ ಆಚೀಚೆ ಇಲ್ಲ. ಐದು ತಿಂಗಳಿಂದ ನಾಚಿಕೆಗೆ ಬಾಯಿ ಮುಚ್ಚಿಕೊಂಡಿದ್ದೆ. ಇನ್ನೂ ಸುಮ್ನೆ ಇದ್ದರೆ ಇನ್ನೊಬ್ಬರು ಬೀಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಹೆಸರಿಗಿಂತ ಅವರು ಮಾಡುವ ರೀತಿ ಗೊತ್ತಾಗಲಿ. ಹೆಸರು ಬದಲಾಯಿಸಬಹುದು, ರೀತಿ ಬದಲಾಗುವುದಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಎಪ್ಪತ್ತರ ದಶಕದ ಒಂದು ಟೂರಿಂಗ್ ಗಾಡಿ ಬೇಕಿತ್ತು. ಹಿಂದೆ ಹೆಂಡತಿ, ಎರಡೂ ಪಕ್ಕ ಲಗೇಜ್ ಪೆಟ್ಟಿಗೆ, ಮುಂದೆ ಗಾಳಿ ತಡೆಯಲು ಒಂದು ಫೇರಿಂಗ್. ಪೂರ್ತಿ ಗಾಡಿ ಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಬಿಡಿಭಾಗ ಒಂದೊಂದಾಗಿ ಸೇರಿಸಿ ಕಟ್ಟೋಣ ಅಂದುಕೊಂಡೆ. ಬಿಎಂಡಬ್ಲ್ಯುನ /6 ಸರಣಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಇತ್ತು. 1973ರ ಕೊನೆಯಿಂದ 1976ರವರೆಗೆ ಬಂದ ಗಾಡಿಗಳು ಇವು. ಐದು ಗೇರು, ಚೈನ್ ಬದಲು ಶಾಫ್ಟ್, ಮನೆಯಲ್ಲೇ ಬಿಚ್ಚಿ ಜೋಡಿಸಬಹುದಾದ ಎಂಜಿನ್. 600, 750, 900 ಸಿಸಿ (ಹೆಸರಲ್ಲಿ ಆರ್ 60/6, ಆರ್ 75/6, ಆರ್ 90/6) ಮೂರರ ನಡುವೆ ಎಷ್ಟೋ ಭಾಗಗಳು ಅದಲುಬದಲಾಗಿ ಕೂರುತ್ತವೆ. ಬಜೆಟ್ ಕಡಿಮೆ ಇರುವವರಿಗೆ ಇದೇ ದೊಡ್ಡ ಅನುಕೂಲ. ಮೋಸ ಮಾಡುವವರಿಗೂ ಇದೇ ಅನುಕೂಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಆರ್ 75/6ರ ಫ್ರೇಮ್ ಕಾಗದಪತ್ರ ಸಮೇತ ಬೇರೆಯವರಿಂದ ಸಿಕ್ಕಿತ್ತು. ಅವರು ಒಳ್ಳೆಯವರು, ಸಣ್ಣ ತುಕ್ಕನ್ನೂ ತೋರಿಸಿಯೇ ಕೊಟ್ಟರು. ಆಮೇಲೆ 750ಕ್ಕೆ ಹೊಂದುವ ಒಂದು ಜೊತೆ 32 ಎಂಎಂ ಬಿಂಗ್ ಕಂಪನಿಯ ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವುದು) ಅಗ್ಗಕ್ಕೆ ಸಿಕ್ಕಿತು, ತೆಗೆದಿಟ್ಟುಕೊಂಡೆ. ಉಳಿದದ್ದು ಎಂಜಿನ್, ಗೇರ್‌ಬಾಕ್ಸ್, ಮತ್ತೆ ಶಾಫ್ಟಿನಿಂದ ಹಿಂದಿನ ಚಕ್ರವನ್ನು ತಿರುಗಿಸುವ ಗೇರು, ಅಂದರೆ ಫೈನಲ್ ಡ್ರೈವ್. ಆಗ ಸಿಕ್ಕಿದ್ದು ಈ ಮನುಷ್ಯ.

ಎಷ್ಟು ಪ್ರೀತಿಯ ಮಾತು ಗೊತ್ತಾ! ಮೊದಲ ಫೋನಿನಿಂದಲೇ ‘ತಮ್ಮಾ’. ‘ತಮ್ಮಾ, ಇದು ನನ್ನ ಸ್ನೇಹಿತನ ಗಾಡಿ. ಫ್ರೇಮ್ ಅಪಘಾತದಲ್ಲಿ ಹೋಯ್ತು. ಉಳಿದದ್ದೆಲ್ಲ ಬಂಗಾರ. ಎಲ್ಲ ಒಂದೇ ಗಾಡಿಯದ್ದು, ಚೂರುಚೂರು ಮಾಡಿ ಮಾರೋಕೆ ಮನಸ್ಸಿಲ್ಲ. ನಿನ್ನಂಥ ಹುಡುಗ ತಗೊಂಡ್ರೆ ನನಗೂ ಸಮಾಧಾನ.’ ಕಾರ್ಬ್ಯುರೇಟರ್ ಎಲ್ಲಿ ಅಂತ ಕೇಳಿದೆ. ‘ಅದು ಹಾಳಾಗಿತ್ತು, ಎಸೆದೆ’ ಅಂದರು. ನನ್ನ ಹತ್ತಿರ ಜೊತೆ ಇದೆಯಲ್ಲ ಅಂತ ನಾನು ಖುಷಿಪಟ್ಟೆ. ಅದನ್ನು ಅವರಿಗೆ ಹೇಳಿಯೂ ಬಿಟ್ಟೆ. ಅದನ್ನು ನೆನೆದರೆ ಈಗಲೂ ಕೈ ಕಚ್ಚಿಕೊಳ್ಳುವಂತಾಗುತ್ತದೆ.

ಎಂಜಿನ್ನಿನ ಎಡಗಡೆ, ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಹತ್ತಿರ ನಂಬರ್ ಕೊರೆದಿರುತ್ತದೆ. ಈ ಕಾಲದ ಗಾಡಿಗಳಲ್ಲಿ ಫ್ರೇಮ್ ಮೇಲೆ ಇರುವ ನಂಬರೇ ಎಂಜಿನ್ ಮೇಲೂ ಇರುತ್ತದೆ. 600ಕ್ಕೆ ಒಂದು ಸರಣಿ, 750ಕ್ಕೆ ಇನ್ನೊಂದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸಹೋದೆ, ಅದೇ ಜಾಸ್ತಿ ಉರಿಯುವುದು. ಎಡಗಡೆಯ ಫೋಟೋ ಕೇಳಿದೆ. ಬಂದದ್ದು ಕತ್ತಲಲ್ಲಿ ತೆಗೆದ, ಏನೂ ಕಾಣದ ಫೋಟೋ. ನೋಡಲು ಹೋದಾಗ ಎಂಜಿನ್ ಪೆಟ್ಟಿಗೆಯ ಮೇಲೆ ಕೂತಿತ್ತು, ಎಡಗಡೆ ಗೋಡೆಗೆ ಒತ್ತಿಕೊಂಡು. ‘ತಿರುಗಿಸೋಣವಾ ಸಾರ್?’ ಅಂತ ಕೇಳಿದೆ. ‘ಭಾರ ಇದೆ ತಮ್ಮಾ, ಬಿದ್ರೆ ಫಿನ್ ಮುರಿಯುತ್ತೆ. ಒಯ್ಯುವಾಗ ಹೇಗೂ ನೋಡ್ತೀಯಲ್ಲ’ ಅಂದರು. ಮುಖಕ್ಕೆ ಮುಖ ಕೊಟ್ಟು ಅನುಮಾನ ಪಡುವುದು ಹೇಗೆ ಅಂತ ಸುಮ್ಮನಾದೆ. ಬಲಗಡೆ 750 ಅನ್ನುವ ಬ್ಯಾಡ್ಜ್ ಇತ್ತು. ಎಂಜಿನ್ ಪೂರ್ತಿ ಎಣ್ಣೆ, ಧೂಳು. ಬ್ಯಾಡ್ಜ್ ಮಾತ್ರ ಫಳಫಳ. ಅದನ್ನೂ ನೋಡಿದೆ. ನೋಡಿ, ‘ಚೆನ್ನಾಗಿ ಉಳಿದಿದೆ’ ಅಂತ ಮೆಚ್ಚಿಕೊಂಡೆ.

ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಿ ನೋಡಬಹುದಾ ಅಂತ ಕೇಳಿದ್ದಕ್ಕೆ, ‘ಗ್ಯಾಸ್ಕೆಟ್ ಹೊಸದು ತಮ್ಮಾ, ಹಾಳಾಗುತ್ತೆ. ಬೇಕಿದ್ರೆ ತಗೋ, ಇಲ್ಲಾಂದ್ರೆ ತುಂಬಾ ಜನ ಕೇಳ್ತಿದ್ದಾರೆ.’ ಅಷ್ಟೇ. ಈ ‘ತುಂಬಾ ಜನ ಕೇಳ್ತಿದ್ದಾರೆ’ ಅನ್ನುವ ಮಾತಿಗೆ ನಾನು ಬಿದ್ದೆ. ಪೂರ್ತಿ ಹಣ ಕೊಟ್ಟೆ. ಎಂಜಿನ್ ಸಾಗಿಸುವ ಗಾಡಿ ಅವರದ್ದೇ, ಮೊದಲೇ ಗೋಣಿಚೀಲ ಸುತ್ತಿ ಕಟ್ಟಿಟ್ಟಿದ್ದರು. ‘ಒಯ್ಯುವಾಗ ನೋಡ್ತೀಯಲ್ಲ’ ಅಂದದ್ದು ಅಲ್ಲಿಗೇ ಮುಗಿಯಿತು.

ಮನೆಗೆ ಬಂದ ಮೇಲೆ ಎರಡು ವಾರ ಗೋಣಿ ಬಿಚ್ಚಲೇ ಇಲ್ಲ. ಆ ಹೊತ್ತಿಗೆ ನಾನು ಫ್ರೇಮಿಗೆ ಬಣ್ಣ ಹೊಡೆಯುವುದರಲ್ಲಿದ್ದೆ. 750ರ ಪಿಸ್ಟನ್ ರಿಂಗ್ ತರಿಸಿಟ್ಟೆ. ಸಿಕ್ಕವರಿಗೆಲ್ಲ ಫೋಟೋ ತೋರಿಸಿದೆ, ಬೇಸಿಗೆಗೆ ಹೊರಡುತ್ತೇವೆ ಅಂತ ಮನೆಯಲ್ಲಿ ದಿನಾಂಕ ಕೂಡ ಗೊತ್ತುಮಾಡಿದ್ದೆ.

ಆಮೇಲೆ ಒಂದು ಭಾನುವಾರ ಕಾರ್ಬ್ಯುರೇಟರ್ ಹಿಡಿದು ನೋಡಿದೆ. ಕೂರಲಿಲ್ಲ. ಹೆಡ್ಡಿನ ಒಳಹರಿವಿನ ಕೊಳವೆ ಸಣ್ಣದು. ಇನ್ನೊಂದು ಪಕ್ಕ ಹಿಡಿದೆ. ಅಲ್ಲೂ ಸಣ್ಣದು. ರಬ್ಬರ್ ಸರಿಯಿಲ್ಲವೇನೋ ಅಂತ ಹೊಸ ರಬ್ಬರ್ ಹಾಕಿದೆ. ಅರ್ಧ ಗಂಟೆ ಒದ್ದಾಡಿದೆ. ನಮ್ಮ ಕಡೆ ಹಳೆ ಗಾಡಿ ಕಟ್ಟುವ ಹಿರಿಯರೊಬ್ಬರಿದ್ದಾರೆ, ಅವರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದರು: ‘ಹೆಡ್ ಬಿಚ್ಚಿ ಬೋರ್ ಅಳೆ. ಅಳೆದು ಫೋನ್ ಮಾಡು.’

ಬಿಚ್ಚಿದೆ. ಬೋರಿಗೆ, ಅಂದರೆ ಸಿಲಿಂಡರಿನ ಒಳಗಿನ ಅಗಲಕ್ಕೆ, ವರ್ನಿಯರ್ ಅಳತೆಪಟ್ಟಿ ಇಟ್ಟೆ. 73.5.

ಇನ್ನೊಮ್ಮೆ ಇಟ್ಟೆ. ವರ್ನಿಯರ್ ಸೊನ್ನೆಗೆ ತಂದು ಮತ್ತೆ ಇಟ್ಟೆ. 73.5. ಇನ್ನೊಂದು ಸಿಲಿಂಡರ್ ಬಿಚ್ಚಿದೆ. ಅಲ್ಲೂ 73.5. ಆರ್ 75/6ರ ಬೋರ್ 82 ಎಂಎಂ. ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 600, 750 ಎರಡಕ್ಕೂ ಒಂದೇ, 70.6. 82 ಇದ್ದರೆ 745 ಸಿಸಿ, 73.5 ಇದ್ದರೆ 599. ನನ್ನ ಮುಂದೆ ಇದ್ದದ್ದು ಆರ್ 60/6. ಆ 600ಕ್ಕೆ ಬರುತ್ತಿದ್ದದ್ದು 26 ಎಂಎಂ ಕಾರ್ಬ್ಯುರೇಟರ್. ಅದಕ್ಕೇ ಕಾರ್ಬ್ಯುರೇಟರ್ ‘ಎಸೆದದ್ದು’! ಅದು ಇದ್ದಿದ್ದರೆ ನೋಡಿದ ಕೂಡಲೇ ಗುಟ್ಟು ಬಯಲಾಗುತ್ತಿತ್ತು. ಗೋಣಿ ಪೂರ್ತಿ ಕಿತ್ತು ಎಡಗಡೆ ಒರೆಸಿದೆ. ನಂಬರ್ 600ರ ಸರಣಿಯದ್ದು, ಅಚ್ಚುಕಟ್ಟಾಗಿ, ಓದಲು ಏನೂ ಕಷ್ಟವಿಲ್ಲ. ಬ್ಯಾಡ್ಜಿಗೆ ಉಗುರು ಹಾಕಿದರೆ ಕಿತ್ತುಬಂತು. ಹಿಂದೆ ಅಂಟು ಇನ್ನೂ ಮೆತ್ತಗಿತ್ತು.

ಆ ಹಿರಿಯರಿಗೆ ಫೋನ್ ಮಾಡಲು ನನಗೆ ಸಂಜೆವರೆಗೆ ಧೈರ್ಯ ಬರಲಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಆರ್ 60 ಕೆಟ್ಟ ಎಂಜಿನ್ ಅಲ್ಲ. ಒಬ್ಬರೇ ನಿಧಾನವಾಗಿ ಓಡಿಸುವುದಕ್ಕೆ ಸೊಗಸಾದ ಎಂಜಿನ್. ಆದರೆ ಅದರದ್ದು 40 ಕುದುರೆಶಕ್ತಿ, 750ರದ್ದು 50. ಇಬ್ಬರು ಕೂತು, ಪೆಟ್ಟಿಗೆ ತುಂಬಿ, ಫೇರಿಂಗ್ ಹಾಕಿಕೊಂಡು ಏರು ಹತ್ತುವಾಗ ಆ ಹತ್ತು ಬೇಕೇ ಬೇಕು. 600 ಅಂತಲೇ ಹೇಳಿ 600ರ ಬೆಲೆಗೆ ಕೊಟ್ಟಿದ್ದರೆ ನನಗೆ ಯಾವ ದೂರೂ ಇರಲಿಲ್ಲ. ಹೇಳದೇ ಕೊಟ್ಟದ್ದು, ಬ್ಯಾಡ್ಜ್ ಅಂಟಿಸಿ ಕೊಟ್ಟದ್ದು. ಅಂಟಿಸಿ!

ಈಗ ಅವರ ಉತ್ತರಗಳನ್ನು ಕೇಳಿ. ಅಳತೆಯ ಫೋಟೋ ಕಳಿಸಿದೆ. ಮೊದಲ ಉತ್ತರ: ‘ತಮ್ಮಾ ಅಳತೆ ತಪ್ಪಿರಬೇಕು.’ ಎರಡೂ ಸಿಲಿಂಡರಿನದ್ದು ಕಳಿಸಿದೆ. ಆಗ: ‘ಹಿಂದಿನ ಓನರ್ ಸ್ಲೀವ್ ಹಾಕಿಸಿರಬಹುದು.’ 82 ಇರುವ ಬೋರಿಗೆ ಸ್ಲೀವ್ (ಒಳಗೆ ಕೂರಿಸುವ ಕೊಳವೆ) ಹಾಕಿಸಿ 73.5 ಮಾಡುವವರು ಯಾರು? ಸಾಲದ್ದಕ್ಕೆ ಹೆಡ್ಡನ್ನೂ 600ರದ್ದು ಹಾಕಿ? ಕೊರೆದ ನಂಬರನ್ನೂ ಬದಲಾಯಿಸಿ? ಇಷ್ಟನ್ನೂ ಕೇಳಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು. ಈ ಸಲ ‘ತಮ್ಮಾ’ ಇರಲಿಲ್ಲ. ‘ನೀವು ನೋಡಿಯೇ ತಗೊಂಡಿದ್ದೀರಿ. ಹಳೆ ಸಾಮಾನಿಗೆ ಗ್ಯಾರಂಟಿ ಇರೋದಿಲ್ಲ.’

ನೀವು! ಹಣ ಕೈ ಸೇರುವವರೆಗೆ ತಮ್ಮಾ, ಆಮೇಲೆ ನೀವು. ಎಂಜಿನ್ನಿಗಿಂತ ಆ ‘ನೀವು’ ನನಗೆ ಜಾಸ್ತಿ ಚುಚ್ಚಿತು.

ಗ್ಯಾರಂಟಿ ನಾನು ಕೇಳಲೇ ಇಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನು ಸವೆದಿರುತ್ತದೆ, ಸೋರುತ್ತದೆ, ಅದೆಲ್ಲ ಎಲ್ಲರಿಗೂ ಗೊತ್ತಿರುವುದೇ ಅಲ್ವಾ. ಸವೆದ 750 ಬೇರೆ. 750 ಅಲ್ಲದೇ ಇರುವುದು ಬೇರೆ. ಇದನ್ನು ಎಷ್ಟು ಸಲ ಬರೆದು ಕಳಿಸಿದೆನೋ ಲೆಕ್ಕವಿಲ್ಲ.

ಇಷ್ಟಾದ ಮೇಲೆ ಫೈನಲ್ ಡ್ರೈವ್ ಬಗ್ಗೆ ಅನುಮಾನ ಬಂತು. ಇದರಲ್ಲಿ ಹಲ್ಲುಗಳ ಲೆಕ್ಕ ಕವಚದ ಮೇಲೇ ಅಚ್ಚೊತ್ತಿರುತ್ತದೆ. ಆರ್ 75/6ಕ್ಕೆ 32/10. ನನ್ನದರ ಮೇಲೆ ದಪ್ಪ ಕಪ್ಪು ಬಣ್ಣ ಬಳಿದಿದ್ದರು. ಕೆರೆಯುವ ಮೊದಲು ಬೇರೆ ರೀತಿ ನೋಡೋಣ ಅಂತ, ಚಕ್ರ ಕೂರುವ ಕಡೆ ಒಂದು ಗುರುತು, ಶಾಫ್ಟ್ ಸೇರುವ ಕಡೆ ಒಂದು ಗುರುತು ಹಾಕಿದೆ. ಚಕ್ರದ ಕಡೆ ಹತ್ತು ಸುತ್ತಿಗೆ ಈಚೆ ಕಡೆ 32 ಸುತ್ತು ಬರಬೇಕು. ಹೆಂಡತಿ ಎಣಿಸಿದಳು. 32 ದಾಟಿತು, 33 ದಾಟಿತು, ಮೇಲೆ ಅರ್ಧ ಸುತ್ತು ದಾಟಿ ನಿಂತಿತು. ಬಣ್ಣ ಕೆರೆದೆ. 37/11. ಅದು 600ರ ಫೈನಲ್ ಡ್ರೈವ್. ‘ಒಂದೇ ಗಾಡಿಯದ್ದು’ ಅನ್ನುವುದು ಬಹುಶಃ ನಿಜ. ಗಾಡಿ ಮಾತ್ರ ಅವರು ಹೇಳಿದ್ದಲ್ಲ. ಇದನ್ನು ಹಾಗೇ ಹಾಕಿ ನನ್ನ 750ರ ಮೀಟರ್ ಜೋಡಿಸಿದ್ದರೆ ವೇಗ ನೂರಕ್ಕೆ ಐದರಷ್ಟು ಜಾಸ್ತಿ ತೋರಿಸುತ್ತಿತ್ತು, ಏಕೆಂದರೆ ಮೀಟರಿನ ಕೇಬಲ್ ಬರುವುದು ಗೇರ್‌ಬಾಕ್ಸಿನಿಂದ.

ಸರಿ, ಅಷ್ಟಕ್ಕೇ ಮುಗಿಯಿತಾ? ಇಲ್ಲ. ಚಕ್ರಕ್ಕೆ ಸಿಕ್ಕಿಕೊಂಡು ಅದನ್ನು ತಿರುಗಿಸುವ ಸ್ಪ್ಲೈನಿನ ಹಲ್ಲುಗಳ ಮೇಲೆ ಗ್ರೀಸ್ ಮೆತ್ತಿದ್ದರು. ಕೊಳ್ಳುವಾಗ ಅದನ್ನು ನೋಡಿ ‘ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ’ ಅಂದುಕೊಂಡಿದ್ದೆ. ಈ ಗಾಡಿಗಳಲ್ಲಿ ಚಕ್ರ ಬಿಚ್ಚಿದಾಗಲೆಲ್ಲ ಅಲ್ಲಿ ಗ್ರೀಸ್ ಹಾಕಬೇಕು, ಹಾಕದಿದ್ದರೆ ಹಲ್ಲು ಸವೆಯುತ್ತದೆ ಅನ್ನುವುದು ಕಟ್ಟುವವರೆಲ್ಲರಿಗೂ ಗೊತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಹಲ್ಲಿನ ತಲೆ ಚಪ್ಪಟೆ ಇರಬೇಕು. ಇಲ್ಲಿ ಒಂದೊಂದೂ ಗರಗಸದ ಹಲ್ಲಿನಂತೆ ಚೂಪು. ಬೆರಳು ಗೀರಿ ರಕ್ತ ಬಂತು. ಲಗೇಜ್ ಹೇರಿಕೊಂಡು ಹೋಗುವಾಗ ಇದು ಜಾರಿದ್ದರೆ? ಎಂಜಿನ್ ಓಡುತ್ತಿರುತ್ತದೆ, ಚಕ್ರಕ್ಕೆ ಎಳೆತ ಇರುವುದಿಲ್ಲ. ಹಿಂದೆ ನನ್ನ ಹೆಂಡತಿ ಕೂತಿರುತ್ತಿದ್ದಳು. ಇದನ್ನೂ ಫೋಟೋ ತೆಗೆದು ಕಳಿಸಿದೆ. ಉತ್ತರ: ‘ನಿಮ್ಮ ಮೆಕ್ಯಾನಿಕ್‌ಗೆ ಕೆಲಸ ಗೊತ್ತಿಲ್ಲ. ಮತ್ತೆ ಮೆಸೇಜ್ ಮಾಡಬೇಡಿ.’ ಅದಾದ ಮೇಲೆ ನನ್ನ ನಂಬರ್ ಬ್ಲಾಕ್.

ಹಣ ವಾಪಸ್ ಬರಲಿಲ್ಲ. ಒಂದು ಪೈಸೆ ಕೂಡ. ಮಾತುಕತೆ ಎಲ್ಲ ಫೋನಿನಲ್ಲಿ, ರಸೀದಿಯಲ್ಲಿ ‘ಹಳೆ ಎಂಜಿನ್ ಸಾಮಾನು’ ಅಂತ ಮಾತ್ರ ಬರೆದಿದ್ದರು. ಮಾದರಿ ಬರೆದೇ ಇಲ್ಲ.

ದಯವಿಟ್ಟು ನನ್ನಂತೆ ಮಾಡಬೇಡಿ. ಎಂಜಿನ್ ನಂಬರ್ ಕಣ್ಣಾರೆ ಓದದೆ ಮುಂಗಡವನ್ನೂ ಕೊಡಬೇಡಿ. ಗೋಡೆಗೆ ಒತ್ತಿಟ್ಟಿದ್ದರೆ ತಿರುಗಿಸಲು ನೀವೇ ಒಬ್ಬರನ್ನು ಕರೆದುಕೊಂಡು ಹೋಗಿ. ವರ್ನಿಯರ್ ಜೇಬಿನಲ್ಲಿರಲಿ. ಹೆಡ್ ಬಿಚ್ಚಲು ಬಿಡದಿದ್ದರೂ ಕಾರ್ಬ್ಯುರೇಟರ್ ಕೂರುವ ಕೊಳವೆಯನ್ನು ಯಾರೂ ಬೇಡ ಅನ್ನದ ಹಾಗೆ ಅಳೆಯಬಹುದು, ಅದೊಂದೇ ನನ್ನನ್ನು ಉಳಿಸುತ್ತಿತ್ತು. ಗ್ರೀಸ್ ಕಂಡಲ್ಲಿ ಒರೆಸಿ ನೋಡಿ. ಒರೆಸಿದರೆ ಮುಖ ಗಂಟು ಹಾಕಿಕೊಳ್ಳುವವರ ಹತ್ತಿರ ಏನನ್ನೂ ಕೊಳ್ಳಬೇಡಿ. ರಸೀದಿಯಲ್ಲಿ ಮಾದರಿ, ನಂಬರ್ ಎರಡೂ ಬರೆಸಿಕೊಳ್ಳಿ.

ನಿನ್ನೆ ಆ ಜಾಹೀರಾತು ಕಂಡ ಮೇಲೆ ನನ್ನ ಸ್ನೇಹಿತನ ಫೋನಿನಿಂದ ಮೆಸೇಜ್ ಹಾಕಿಸಿದೆ. ಹೆಚ್ಚೇನೂ ಇಲ್ಲ. ‘ಸಾರ್, ಎಡಗಡೆ ಡಿಪ್‌ಸ್ಟಿಕ್ ಹತ್ತಿರ ನಂಬರ್ ಇರುತ್ತಲ್ಲ, ಅದರ ಒಂದು ಫೋಟೋ ಕಳಿಸ್ತೀರಾ? ಕಾರ್ಬ್ಯುರೇಟರ್ ಇದೆಯಾ?’

ಹತ್ತು ನಿಮಿಷಕ್ಕೆ ಉತ್ತರ ಬಂತು. ‘ಕಾರ್ಬ್ಯುರೇಟರ್ ಹಾಳಾಗಿತ್ತು ತಮ್ಮಾ, ಎಸೆದೆ. ಫೋಟೋ ಯಾಕೆ, ಬಂದು ನೋಡು. ತುಂಬಾ ಜನ ಕೇಳ್ತಿದ್ದಾರೆ.’