ಕರುಳಿನ ಉರಿಯೂತಕ್ಕೆ ಹದಿನಾಲ್ಕು ದಿನದ ಆಯುರ್ವೇದ ವಾಸ: ಉಡುಪಿ ಸಮೀಪದ ಒಂದು ಚಿಕಿತ್ಸಾಲಯದ ಅನುಭವ

ಉಡುಪಿಯಿಂದ ಬ್ರಹ್ಮಾವರದ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ಒಳಗೆ ಹೋದರೆ ಸಿಗುವ ಒಂದು ಆಯುರ್ವೇದ ಚಿಕಿತ್ಸಾಲಯದಲ್ಲಿ ಕಳೆದ ನವೆಂಬರ್‌ನಲ್ಲಿ ಹದಿನಾಲ್ಕು ದಿನ ಉಳಿದು ಬಂದಿದ್ದೇನೆ. ಕೆಲವು ಸಂಗತಿಗಳನ್ನು ಕಟುವಾಗಿಯೇ ಬರೆಯಬೇಕಾಗಿರುವುದರಿಂದ ಅದರ ಹೆಸರು ಹೇಳುತ್ತಿಲ್ಲ. ಇಂಥ ವಾಸದ ಚಿಕಿತ್ಸೆ ಕೊಡುವ ಕೇಂದ್ರಗಳು ನಮ್ಮ ಕರಾವಳಿಯಲ್ಲಿ ಹಲವಿವೆ. ಅವುಗಳಲ್ಲಿ ಯಾವುದಕ್ಕೆ ಹೊರಟವರಿಗಾದರೂ ಇದರಿಂದ ಉಪಯೋಗವಾದೀತು.

ನನಗಿರುವುದು ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತ ಒಸರುವ ದೀರ್ಘಕಾಲದ ಉರಿಯೂತ. ಮೊದಲ ಎರಡು ವರ್ಷ ಮೂಲವ್ಯಾಧಿಯೆಂದೂ ಆಮಶಂಕೆಯೆಂದೂ ಮದ್ದು ತಿಂದು, ಕೊನೆಗೆ ಮಂಗಳೂರಿನಲ್ಲಿ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿಸಿದಾಗ ಕಾಯಿಲೆಯ ನಿಜ ಹೆಸರು ತಿಳಿಯಿತು. ಹೊಟ್ಟೆ ಉಬ್ಬರಿಸಿ ಹಿಂಡುವ, ಆದರೆ ಕರುಳಿನಲ್ಲಿ ಗಾಯವಿಲ್ಲದ ಐಬಿಎಸ್ ಬೇರೆ, ಇದು ಬೇರೆ. ಎರಡಕ್ಕೂ ಒಂದೇ ಕಷಾಯ ಬರೆದುಕೊಡುವವರು ಇರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಯಿತು. ಚಿಕಿತ್ಸಾಲಯಕ್ಕೆ ಸೇರುವಾಗ ನಾನು ಕರುಳಿನ ಉರಿಯೂತ ತಗ್ಗಿಸುವ ಮೆಸಲಮಿನ್ ಮಾತ್ರೆಯನ್ನು ದಿನಕ್ಕೆ 2.4 ಗ್ರಾಂನಂತೆ ತೆಗೆದುಕೊಳ್ಳುತ್ತಿದ್ದೆ, ಆದರೂ ದಿನಕ್ಕೆ ಏಳೆಂಟು ಬಾರಿ ಶೌಚಕ್ಕೆ ಓಡಬೇಕಾಗುತ್ತಿತ್ತು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಲ್ಲಿ ಗ್ರಾಂಗೆ 640 ಮೈಕ್ರೊಗ್ರಾಂ ಬಂದಿತ್ತು. ಕರುಳಿನಲ್ಲಿ ಉರಿಯೂತ ಎಷ್ಟಿದೆಯೆಂದು ಕ್ಯಾಮೆರಾ ಹಾಕದೆಯೇ ಅಂದಾಜಿಸುವ ಪರೀಕ್ಷೆ ಇದು. ಸಾಮಾನ್ಯವಾಗಿ 50ರ ಒಳಗಿರಬೇಕು.

ಚಿಕಿತ್ಸಾಲಯದ ನಿಜವಾದ ಸಂಪತ್ತು ಅದರ ಅಡುಗೆಮನೆ. ಬೆಳಿಗ್ಗೆ ಮತ್ತು ರಾತ್ರಿ ಕುಚ್ಚಲಕ್ಕಿಯನ್ನು ಅಗುಳು ಕರಗುವಷ್ಟು ಬೇಯಿಸಿದ ಗಂಜಿ, ಮಧ್ಯಾಹ್ನ ಮೆತ್ತಗಿನ ಅನ್ನ, ಸೋರೆಕಾಯಿ ಅಥವಾ ಬೂದುಗುಂಬಳದ ಸಪ್ಪೆ ಪಲ್ಯ, ಜೊತೆಗೆ ಒಂದು ತಂಬುಳಿ. ಹಸಿ ತರಕಾರಿ, ಮೆಣಸು, ಒಗ್ಗರಣೆ ಯಾವುದೂ ಇಲ್ಲ. ನಾಲ್ಕನೆಯ ದಿನ ಬೇಸರ ಕಳೆಯಲೆಂದು ಒಲೆಯ ಬಳಿ ಹೋಗಿ ಕುಳಿತಾಗ ಅಡುಗೆಯವರು ಮೊಸರು ಕಡೆಯುತ್ತಿದ್ದರು. ಬೆಣ್ಣೆ ಮೇಲೆ ಬಂದ ಮೇಲೆ ಅದನ್ನು ಅಂಗೈಯಲ್ಲಿ ಒತ್ತಿ ಒತ್ತಿ ತೆಗೆದು, ಉಳಿದ ಮಜ್ಜಿಗೆಯನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿದ ಕೊಡಸಿಗೆ ಹೂವನ್ನು ಒಂದು ಹನಿ ತುಪ್ಪದಲ್ಲಿ ಹುರಿದು, ಜೀರಿಗೆ ಮತ್ತು ಒಂದು ಚೂರು ತೆಂಗಿನತುರಿಯ ಜೊತೆ ಅರೆದು ಅದಕ್ಕೆ ಬೆರೆಸಿದರು. "ಬಂಜಿ ಎಂಚ ಉಂಡು ಅಕ್ಕಾ?" (ಹೊಟ್ಟೆ ಹೇಗಿದೆ ಅಕ್ಕಾ?) ಎಂದು ತುಳುವಿನಲ್ಲಿ ಅವರು ಪ್ರತಿದಿನ ಕೇಳುತ್ತಿದ್ದುದು ಉಪಚಾರದ ಮಾತಾಗಿರಲಿಲ್ಲ. ನನ್ನ ಉತ್ತರ ಕೇಳಿಯೇ ಅಂದಿನ ಗಂಜಿಯ ನೀರು ಹೆಚ್ಚೋ ಕಡಿಮೆಯೋ ಎಂದು ಅವರು ತೀರ್ಮಾನಿಸುತ್ತಿದ್ದರು.

ಆ ಹೂವು ಬಿಡುವ ಕೊಡಸಿಗೆಯೇ ಆಯುರ್ವೇದದ ಕುಟಜ. ಅತಿಸಾರಕ್ಕೆ ಕೊಡುವ ಕುಟಜಾರಿಷ್ಟದಲ್ಲಿರುವುದು ಅದರ ತೊಗಟೆ. ಬೆಣ್ಣೆ ತೆಗೆದ ಮಜ್ಜಿಗೆಯನ್ನು, ಜೀರ್ಣಶಕ್ತಿ ಕೆಟ್ಟು ಮಲ ಕೆಡುವ ಗ್ರಹಣಿ ರೋಗಕ್ಕೆ ಪಥ್ಯವೆಂದು ಚರಕಸಂಹಿತೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಹೊಟ್ಟೆ ಕೆಟ್ಟಾಗ ಅಜ್ಜಿಯಂದಿರು ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುತ್ತಿದ್ದುದನ್ನೂ, ಆಟಿ ಅಮಾವಾಸ್ಯೆಯಂದು ಹಾಲೆ ಮರದ ಕೆತ್ತೆಯ ಕಷಾಯ ಕುಡಿಸಿ ಮೇಲೆ ಮೆಂತೆ ಗಂಜಿ ಬಡಿಸುತ್ತಿದ್ದುದನ್ನೂ ನೆನೆದರೆ, ಹಣ ಕೊಟ್ಟು ಉಣ್ಣುತ್ತಿರುವುದು ನಮ್ಮದೇ ಊಟವನ್ನಲ್ಲವೇ ಎಂದು ನಗು ಬಂದದ್ದೂ ಉಂಟು.

ಚಿಕಿತ್ಸೆಗಳಲ್ಲಿ ಅಭ್ಯಂಗ ಮತ್ತು ಹಣೆಯ ಮೇಲೆ ಮಜ್ಜಿಗೆ ಹರಿಸುವ ತಕ್ರಧಾರೆಯಿಂದ ನಿದ್ದೆ ಚೆನ್ನಾಗಿ ಬಂತು. ಅದಕ್ಕಿಂತ ಹೆಚ್ಚಿನ ಫಲವನ್ನು ನಾನು ಕಾಣಲಿಲ್ಲ. ಪಿಚ್ಛಾಬಸ್ತಿಯ ವಿಷಯವನ್ನು ಮಾತ್ರ ವಿವರವಾಗಿ ಹೇಳಬೇಕು. ಬೂರುಗದ ಲೋಳೆಯನ್ನು ಹಾಲು ಮತ್ತು ತುಪ್ಪದೊಂದಿಗೆ ಸೇರಿಸಿ ಗುದದ್ವಾರದ ಮೂಲಕ ಒಳಗೆ ಬಿಡುವ ಚಿಕಿತ್ಸೆ ಇದು. ದಾದಿ ಎಡಮಗ್ಗುಲಿಗೆ ಮಲಗಿಸಿ, ಬಲಗಾಲನ್ನು ಮಡಚಿಸಿ, ದ್ರವವನ್ನು ಮೈಯ ಬಿಸಿಗೆ ತಂದು, ಉಸಿರು ಬಿಡುವಾಗ ನಿಧಾನವಾಗಿ ಒತ್ತಿ, ಬಳಿಕ ಇಪ್ಪತ್ತು ನಿಮಿಷ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಮಂಗಳೂರಿನ ತಜ್ಞರು ಆರು ತಿಂಗಳ ಹಿಂದೆಯೇ, ಇದೇ ರೀತಿ ಗುದದ್ವಾರದ ಮೂಲಕ ಒಳಗೆ ಬಿಡುವ ಮೆಸಲಮಿನ್ ಎನಿಮಾ ಬರೆದುಕೊಟ್ಟಿದ್ದರು. ಕರುಳಿನ ಎಡಭಾಗಕ್ಕೆ ಸೀಮಿತವಾದ ಉರಿಯೂತದಲ್ಲಿ ಮಾತ್ರೆಯ ಜೊತೆ ಎನಿಮಾ ಸೇರಿದರೆ ಬರೀ ಮಾತ್ರೆಗಿಂತ ಗುಣ ಹೆಚ್ಚು. ನಾನು ಅದನ್ನು ಎರಡು ರಾತ್ರಿ ಪ್ರಯತ್ನಿಸಿ, ಒಳಗೆ ನಿಲ್ಲುವುದಿಲ್ಲವೆಂದು ಕಪಾಟಿನಲ್ಲಿಟ್ಟಿದ್ದೆ. ಹೇಗೆ ಮಲಗಬೇಕೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಆಸ್ಪತ್ರೆಯ ಎನಿಮಾಕ್ಕೆ ಮೂಗು ಮುರಿದು, ಬಸ್ತಿಗಾಗಿ ದುಡ್ಡು ತೆತ್ತು ಬಂದಿದ್ದೇನೆಂಬುದು ಅಲ್ಲಿ ಮಲಗಿದ್ದಾಗ ಹೊಳೆಯಿತು.

ಇನ್ನು ದೂರುಗಳು. ಸೇರಿದ ಮರುದಿನವೇ ಅಲ್ಲಿನ ವೈದ್ಯರು "ಇಂಗ್ಲಿಷ್ ಮದ್ದು ನಿಲ್ಲಿಸಿ, ಇಲ್ಲದಿದ್ದರೆ ನಮ್ಮದು ಹಿಡಿಯುವುದಿಲ್ಲ" ಎಂದರು. ಮೆಸಲಮಿನ್ ಅನ್ನು ಹೀಗೆ ತಟ್ಟನೆ ಬಿಟ್ಟರೆ ಕಾಯಿಲೆ ಕೆರಳುವ ಅಪಾಯವಿರುವುದರಿಂದ ನಾನು ಒಪ್ಪಲಿಲ್ಲ. ಮೂರನೆಯ ದಿನ ಚೀಟಿಯಿಲ್ಲದ ಪೊಟ್ಟಣದಲ್ಲಿ ಕಪ್ಪು ಪುಡಿಯೊಂದು ಬಂತು. ಅದರಲ್ಲೇನಿದೆ ಎಂದು ಕೇಳಿದರೆ "ಕರುಳಿಗೆ ಬಲ ಕೊಡುವುದು" ಎಂಬ ಉತ್ತರ ಮಾತ್ರ ಸಿಕ್ಕಿತು. ಎರಡು ದಿನ ಪಟ್ಟು ಹಿಡಿದ ಮೇಲೆ ಪಂಚಾಮೃತ ಪರ್ಪಟಿ ಎಂದು ಬರೆದುಕೊಟ್ಟರು. ಗ್ರಹಣಿಗೆ ಇದು ಶಾಸ್ತ್ರೋಕ್ತ ಮದ್ದೇ ಹೌದು. ಆದರೆ ಹೆಸರಿನಲ್ಲಿರುವ ಪಂಚಾಮೃತ ಹಾಲು ತುಪ್ಪ ಜೇನಲ್ಲ, ಪಾದರಸ, ಗಂಧಕ, ಕಬ್ಬಿಣ, ಅಭ್ರಕ ಮತ್ತು ತಾಮ್ರ. ಮೂತ್ರಪಿಂಡದ ಪರೀಕ್ಷೆಯ ಮಾತನ್ನೇ ಎತ್ತದೆ ಇದನ್ನು ರೋಗಿಯ ಕೈಗೆ ಕೊಡುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ಅಸಡ್ಡೆ. ಮೆಸಲಮಿನ್ ಕೂಡ ಅಪರೂಪಕ್ಕೆ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದು, ಹಾಗಾಗಿಯೇ ಅದನ್ನು ಬರೆಯುವ ವೈದ್ಯರು ಮೂತ್ರಪಿಂಡದ ಸ್ಥಿತಿ ತಿಳಿಯಲು ಆಗಾಗ ರಕ್ತದ ಕ್ರಿಯಾಟಿನಿನ್ ನೋಡಿಸುತ್ತಾರೆ. ಪೊಟ್ಟಣವನ್ನು ನಾನು ಹಿಂದಿರುಗಿಸಿದೆ.

ರಾತ್ರಿ ಗಂಜಿಯ ಜೊತೆ ಕೊಡುತ್ತಿದ್ದ ಅರ್ಧ ಚಮಚ ಅರಶಿನದ ಬಗ್ಗೆಯೂ ದೊಡ್ಡ ದೊಡ್ಡ ಮಾತುಗಳನ್ನು ಕೇಳಿದೆ. ಅರಶಿನದ ಕರ್ಕ್ಯುಮಿನ್ ಸಾರವನ್ನು ದಿನಕ್ಕೆ 3 ಗ್ರಾಂನಂತೆ ಮೆಸಲಮಿನ್ ಜೊತೆಗೆ ಕೊಟ್ಟಾಗ ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಕೊಲೈಟಿಸ್ ಶಮನವಾದದ್ದನ್ನು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ ಎಂಬುದು ನಿಜ. ಆದರೆ ಅಡುಗೆಯ ಅರಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸಿನಲ್ಲಿ. ಆ ಪ್ರಮಾಣ ಮುಟ್ಟಬೇಕಾದರೆ ದಿನಕ್ಕೆ ಸುಮಾರು 100 ಗ್ರಾಂ ಪುಡಿ ತಿನ್ನಬೇಕು. ಹಾಗೆಂದು ಅಂಗಡಿಯಿಂದ ಸಾರದ ಮಾತ್ರೆ ತಂದು ನಮ್ಮಷ್ಟಕ್ಕೇ ನುಂಗುವುದೂ ಸರಿಯಲ್ಲ, ಅದರಿಂದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳಿವೆ.

ಊಟವನ್ನು ಹೊಗಳಿದೆನಾದರೂ ಅದರಲ್ಲೊಂದು ದೊಡ್ಡ ಕೊರತೆ ಇದೆ. ಉರಿಯೂತ ಜೋರಾಗಿರುವಾಗ ದೇಹದ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 52 ಕಿಲೋ ತೂಗುವ ನನಗೆ ಕನಿಷ್ಠ 62 ಗ್ರಾಂ. ಬೇಳೆ, ಮೊಟ್ಟೆ, ಮೀನು ಮೂರೂ ಇಲ್ಲದ ಆ ತಟ್ಟೆಯಲ್ಲಿ ಅದರ ಅರ್ಧವೂ ಇದ್ದಂತೆ ಕಾಣಲಿಲ್ಲ. ಹೊರಡುವ ದಿನ ಎರಡೂವರೆ ಕಿಲೋ ಕಡಿಮೆಯಾಗಿದ್ದೆ, ಅದನ್ನೇ ಅವರು "ಶರೀರ ಹಗುರವಾಯಿತು" ಎಂದು ಕೇಸ್ ಹಾಳೆಯಲ್ಲಿ ಬರೆದುಕೊಂಡರು. ಮಲ್ಪೆಯ ಮೀನುಗಾರಿಕೆ ಬಂದರು ಅಷ್ಟು ಹತ್ತಿರವಿರುವಾಗ ಮೀನು ತಿನ್ನುವ ರೋಗಿಗೆ ಒಂದು ತುಂಡು ಕಾಣೆ ಮೀನನ್ನು ಬೇಯಿಸಿ ಕೊಡಬಾರದೇ ಎಂದು ಕೇಳಿ ಬೈಸಿಕೊಂಡೆ.

ಕೋಣೆ ಚೊಕ್ಕಟ, ಶೌಚಾಲಯ ಹಾಸಿಗೆಯಿಂದ ನಾಲ್ಕು ಹೆಜ್ಜೆ. ಈ ಕಾಯಿಲೆಯವರಿಗೆ ಅದಕ್ಕಿಂತ ಹೆಚ್ಚಿನ ಸೌಕರ್ಯ ಬೇಕಿಲ್ಲ. ಊಟ, ವಸತಿ, ಚಿಕಿತ್ಸೆಗೆ 49,000 ರೂಪಾಯಿ. ಮದ್ದಿಗೆ ಬೇರೆಯಾಗಿ 6,200 ರೂಪಾಯಿ. ಫೋನಿನಲ್ಲಿ ವಿಚಾರಿಸಿದಾಗ ಈ ಎರಡನೆಯ ಮೊತ್ತದ ಸುಳಿವೇ ಇರಲಿಲ್ಲ.

ಮನೆಗೆ ಬರುವಾಗ ದಿನಕ್ಕೆ ಏಳೆಂಟು ಬಾರಿಯಿದ್ದ ಶೌಚ ಮೂರಕ್ಕೆ ಇಳಿದಿತ್ತು, ರಾತ್ರಿ ಎಚ್ಚರವಾಗುತ್ತಿರಲಿಲ್ಲ. ಗುಣವಾಯಿತೆಂದೇ ಭಾವಿಸಿ, ಸಂತೋಷದಿಂದಲೇ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಗೆ ಕೊಟ್ಟೆ. ಬಂದದ್ದು 590. ಸಪ್ಪೆ ಊಟ, ವಿಶ್ರಾಂತಿ, ನಿದ್ದೆಗಳಿಂದ ಹೊಟ್ಟೆಗೆ ನೆಮ್ಮದಿ ಸಿಕ್ಕಿತ್ತು, ಗಾಯ ಮಾತ್ರ ಇದ್ದಲ್ಲೇ ಇತ್ತು. ಸೇರುವ ಮುಂಚೆ ಮತ್ತು ಬಂದ ಮೇಲೆ ಈ ಪರೀಕ್ಷೆ ಮಾಡಿಸದೆ ಇದ್ದಿದ್ದರೆ ನಾನೂ ಐದು ನಕ್ಷತ್ರ ಕೊಟ್ಟು ಮಾತ್ರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಜ್ವರ, ಹೆಚ್ಚು ರಕ್ತಸ್ರಾವ ಅಥವಾ ವೇಗವಾಗಿ ತೂಕ ಇಳಿಯುವಿಕೆ ಇದ್ದವರು ಇಂಥ ಕಡೆಗೆ ಹೋಗಲೇಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ಉಳಿದವರು ತಮ್ಮ ಮಾತ್ರೆಗಳನ್ನೂ ವರದಿಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಲಿ, ಪ್ರತಿ ಪುಡಿಯ ಹೆಸರನ್ನು ಬರೆಸಿಕೊಳ್ಳಲಿ. ಅಡುಗೆಮನೆಗೆ ನಾಲ್ಕೂವರೆ, ಬಸ್ತಿಯ ದಾದಿಗೆ ಐದು, ವೈದ್ಯರಿಗೆ ಒಂದೂವರೆ ನಕ್ಷತ್ರ ಕೊಡುತ್ತೇನೆ.

ಕಪಾಟಿನಲ್ಲಿದ್ದ ಮೆಸಲಮಿನ್ ಎನಿಮಾವನ್ನು ಈಗ ಪ್ರತಿರಾತ್ರಿ ತೆಗೆದುಕೊಳ್ಳುತ್ತಿದ್ದೇನೆ. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಐದು ನಿಮಿಷ ಇಟ್ಟು, ಎಡಮಗ್ಗುಲಿಗೆ ಮಲಗಿ, ಬಲಗಾಲು ಮಡಚಿ, ಆ ದಾದಿ ಹೇಳಿಕೊಟ್ಟ ಹಾಗೆಯೇ. ಎರಡು ತಿಂಗಳ ನಂತರ ಬಂದ ವರದಿಯಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ 130 ಇತ್ತು.